ಮನೆಯ ಸರ್ವರಿನಲ್ಲಿ ತಂತ್ರಾಂಶ ಕಂಟೇನರುಗಳ ದೋಷಪತ್ತೆ ಮತ್ತು ಪುನಃಸ್ಥಾಪನೆ

ತಂತ್ರಾಂಶ ಕಂಟೇನರುಗಳ ದೋಷಪತ್ತೆ ಮತ್ತು ಪುನಃಸ್ಥಾಪನೆ ಎಂದರೆ, ಗಣಕಯಂತ್ರದಲ್ಲಿ ಕಂಟೇನರುಗಳ ರೂಪದಲ್ಲಿ ನಡೆಯುವ ತಂತ್ರಾಂಶಗಳು ಕೆಟ್ಟು ನಿಂತಾಗ ಅದರ ಕಾರಣವನ್ನು ಗುರುತಿಸುವ ಹಾಗೂ ಅವುಗಳನ್ನು ದತ್ತಾಂಶಸಹಿತವಾಗಿ ಮತ್ತೆ ಚಾಲನೆಗೆ ತರುವ ಕಾರ್ಯ. ಈ ಲೇಖನವು ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯುಳ್ಳ ಮನೆಯ ಸರ್ವರಿನಲ್ಲಿ ಡಾಕರ್ ಎಂಬ ತಂತ್ರಾಂಶದ ಮೂಲಕ ನಡೆಸುವ ಕಂಟೇನರುಗಳನ್ನು ಮುಖ್ಯವಾಗಿ ಕುರಿತದ್ದಾಗಿದೆ.

ಮನೆಯಲ್ಲಿಯೇ ಹಗಲಿರುಳು ಚಾಲನೆಯಲ್ಲಿದ್ದು ಮನೆಮಂದಿಗೆ ಸೇವೆ ಒದಗಿಸುವ ಗಣಕಯಂತ್ರವನ್ನು ಮನೆಯ ಸರ್ವರ್ ಎನ್ನುತ್ತಾರೆ. ಹಳೆಯ ಲ್ಯಾಪ್‌ಟಾಪ್ ಅಥವಾ ರಾಸ್‌ಬೆರಿ ಪೈಯಂತಹ ಕಿರುಗಣಕವೂ ಈ ಕೆಲಸಕ್ಕೆ ಸಾಕಾಗುತ್ತದೆ. ಕಡತಗಳ ಸಂಗ್ರಹಕ್ಕೆ ನೆಕ್ಸ್ಟ್‌ಕ್ಲೌಡ್, ಛಾಯಾಚಿತ್ರಗಳಿಗೆ ಇಮ್ಮಿಚ್, ಚಲನಚಿತ್ರ ಮತ್ತು ಸಂಗೀತಕ್ಕೆ ಜೆಲ್ಲಿಫಿನ್, ಜಾಹೀರಾತು ತಡೆಗೆ ಪೈ-ಹೋಲ್ ಮುಂತಾದವು ಇಂತಹ ಸರ್ವರುಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ತಂತ್ರಾಂಶಗಳು. ದೊಡ್ಡ ಸಂಸ್ಥೆಗಳಲ್ಲಿ ಇವನ್ನು ನೋಡಿಕೊಳ್ಳಲು ಪರಿಣತರ ತಂಡವಿರುತ್ತದೆ. ಮನೆಯಲ್ಲಾದರೋ ಒಬ್ಬರೇ ಎಲ್ಲವನ್ನೂ ನಿರ್ವಹಿಸಬೇಕಾಗುತ್ತದೆ. ಅವರು ಆತುರದಲ್ಲಿ ನೀಡಿದ ಒಂದು ಆಜ್ಞೆಯಿಂದ ಕುಟುಂಬದ ಹತ್ತಾರು ವರ್ಷಗಳ ಛಾಯಾಚಿತ್ರಗಳು ಅಳಿದುಹೋಗಬಹುದು. ಕಂಟೇನರನ್ನು ಎಷ್ಟು ಸಲ ಬೇಕಾದರೂ ಮರುನಿರ್ಮಿಸಬಹುದು. ಅದನ್ನು ಬಳಸಿ ಕೂಡಿಟ್ಟ ದತ್ತಾಂಶವನ್ನು ಹಾಗೆ ಮರುನಿರ್ಮಿಸಲಾಗದು. ಈ ವ್ಯತ್ಯಾಸವೇ ದೋಷಪತ್ತೆ ಮತ್ತು ಪುನಃಸ್ಥಾಪನೆಯ ಎಲ್ಲ ಹಂತಗಳಿಗೂ ಆಧಾರ.

ಹಿನ್ನೆಲೆ

ಒಂದು ತಂತ್ರಾಂಶವನ್ನು ಉಳಿದವುಗಳಿಂದ ಬೇರ್ಪಡಿಸಿ ನಡೆಸುವ ಕಲ್ಪನೆ ಹಳೆಯದು. 1979ರ ಯುನಿಕ್ಸ್ 7ನೆಯ ಆವೃತ್ತಿಯಲ್ಲಿ ಬಂದ ‘ಸಿಎಚ್‌ರೂಟ್’ ಎಂಬ ಸೌಲಭ್ಯವು ಒಂದು ಪ್ರಕ್ರಿಯೆಗೆ ಕಡತವ್ಯವಸ್ಥೆಯ ಒಂದು ಭಾಗ ಮಾತ್ರ ಕಾಣುವಂತೆ ಮಾಡುತ್ತಿತ್ತು. 2000ದಲ್ಲಿ ಫ್ರೀಬಿಎಸ್‌ಡಿಯ ‘ಜೈಲ್’ ವ್ಯವಸ್ಥೆ ಇದನ್ನು ಮತ್ತಷ್ಟು ಬಲಪಡಿಸಿತು. ಗೂಗಲ್ ಸಂಸ್ಥೆಯ ತಂತ್ರಜ್ಞರು ಆರಂಭಿಸಿದ ‘ಸಿಗ್ರೂಪ್’ ಎಂಬ ಸಂಪನ್ಮೂಲ ನಿಯಂತ್ರಣ ವ್ಯವಸ್ಥೆಯು 2008ರಲ್ಲಿ ಲಿನಕ್ಸ್ ಕರ್ನೆಲ್‌ನ 2.6.24ನೆಯ ಆವೃತ್ತಿಯನ್ನು ಸೇರಿತು. ಪ್ರಕ್ರಿಯೆಗಳು ಏನನ್ನು ಕಾಣಬಹುದು ಎಂಬುದನ್ನು ‘ನೇಮ್‌ಸ್ಪೇಸ್’ ನಿರ್ಧರಿಸಿದರೆ, ಅವು ಎಷ್ಟನ್ನು ಬಳಸಬಹುದು ಎಂಬುದನ್ನು ಸಿಗ್ರೂಪ್ ನಿರ್ಧರಿಸುತ್ತದೆ. ಇಂದಿನ ಲಿನಕ್ಸ್ ಕಂಟೇನರುಗಳು ಇವೆರಡರ ಮೇಲೆಯೇ ನಿಂತಿವೆ.

2013ರ ಮಾರ್ಚ್ ತಿಂಗಳಲ್ಲಿ ಡಾಟ್‌ಕ್ಲೌಡ್ ಸಂಸ್ಥೆಯ ಸಾಲೊಮನ್ ಹೈಕ್ಸ್ ಅವರು ಡಾಕರನ್ನು ಸಾರ್ವಜನಿಕವಾಗಿ ಪರಿಚಯಿಸಿದರು. ತಂತ್ರಾಂಶವನ್ನು ಅದಕ್ಕೆ ಬೇಕಾದ ಪರಿಕರಗಳೊಡನೆ ಒಂದೇ ಕಟ್ಟಾಗಿ ಹಂಚುವುದು ಇದರಿಂದ ಸುಲಭವಾಯಿತು. 2015ರಲ್ಲಿ ಕಂಟೇನರುಗಳಿಗೆ ಮುಕ್ತ ಮಾನಕಗಳನ್ನು ರೂಪಿಸುವ ಓಪನ್ ಕಂಟೇನರ್ ಇನಿಶಿಯೇಟಿವ್ ಸ್ಥಾಪನೆಯಾಯಿತು. ಇದರ ಫಲವಾಗಿ ಡಾಕರಿಗಾಗಿ ಸಿದ್ಧಪಡಿಸಿದ ಕಟ್ಟುಗಳನ್ನು ಪಾಡ್‌ಮನ್‌ನಂತಹ ಇತರ ಸಾಧನಗಳಲ್ಲಿಯೂ ನಡೆಸಬಹುದು.

ರಚನೆ

ದೋಷಪತ್ತೆಗೆ ತೊಡಗುವ ಮುನ್ನ ನಾಲ್ಕು ಅಂಶಗಳನ್ನು ಬೇರೆಬೇರೆಯಾಗಿ ತಿಳಿದಿರಬೇಕು.

ಇಮೇಜ್: ತಂತ್ರಾಂಶ ಮತ್ತು ಅದರ ಪರಿಕರಗಳ ಬದಲಾಗದ ಮೂಲರೂಪ. ಇದು ಸಂಕ್ರಾಂತಿಯ ಸಕ್ಕರೆ ಅಚ್ಚು ಮಾಡುವ ಮರದ ಮಣೆಯಿದ್ದಂತೆ.

ಕಂಟೇನರ್: ಇಮೇಜಿನಿಂದ ತೆಗೆದ, ಚಾಲನೆಯಲ್ಲಿರುವ ಅಥವಾ ನಿಂತಿರುವ ಒಂದು ಪ್ರತಿ. ಮಣೆಯಿಂದ ತೆಗೆದ ಸಕ್ಕರೆ ಗೊಂಬೆ ಮುರಿದರೂ ಮತ್ತೊಂದನ್ನು ಎರೆಯಬಹುದು. ಪ್ರತಿಯೊಂದು ಕಂಟೇನರಿಗೂ ಬರೆಯಬಹುದಾದ ತೆಳುವಾದ ಒಂದು ಪದರವಿರುತ್ತದೆ. ಕಂಟೇನರನ್ನು ಅಳಿಸಿದಾಗ ಈ ಪದರದಲ್ಲಿ ಬರೆದದ್ದೆಲ್ಲವೂ ಅಳಿಯುತ್ತದೆ.

ವಾಲ್ಯೂಮ್: ದತ್ತಾಂಶವನ್ನು ಕಂಟೇನರಿನ ಹೊರಗೆ ಇರಿಸುವ ಸ್ಥಳ. ಡಾಕರ್ ತಾನೇ ನಿರ್ವಹಿಸುವ ವಾಲ್ಯೂಮುಗಳು ಸಾಮಾನ್ಯವಾಗಿ ಆತಿಥೇಯ ಗಣಕದ ‘ವಾರ್’ ಕಡತಕೋಶದೊಳಗಿನ ‘ಲಿಬ್’, ಅದರೊಳಗಿನ ‘ಡಾಕರ್’ ಎಂಬಲ್ಲಿ ಇರುತ್ತವೆ. ಆತಿಥೇಯ ಗಣಕದ ಯಾವುದಾದರೂ ಕಡತಕೋಶವನ್ನು ನೇರವಾಗಿ ಕಂಟೇನರಿಗೆ ಜೋಡಿಸುವ ಕ್ರಮಕ್ಕೆ ‘ಬೈಂಡ್ ಮೌಂಟ್’ ಎಂದು ಹೆಸರು.

ಕಂಪೋಸ್ ಕಡತ: ಯಾವ ಇಮೇಜ್, ಯಾವ ಪೋರ್ಟ್, ಯಾವ ವಾಲ್ಯೂಮ್ ಎಂಬ ವಿವರಗಳನ್ನು ಬರೆದಿಡುವ ಸರಳ ಪಠ್ಯಕಡತ. ಇದು ಉಳಿದಿದ್ದರೆ ಎಲ್ಲ ಕಂಟೇನರುಗಳನ್ನೂ ಒಂದೇ ಆಜ್ಞೆಯಿಂದ ಮರುನಿರ್ಮಿಸಬಹುದು.

ದೋಷಪತ್ತೆಯ ಕ್ರಮ

ಕೆಟ್ಟ ಕಂಟೇನರನ್ನು ಕೂಡಲೇ ಅಳಿಸಿ ಹೊಸದನ್ನು ನಿರ್ಮಿಸುವ ಮನಸ್ಸಾಗುವುದು ಸಹಜ. ಆದರೆ ಕಂಟೇನರಿನೊಂದಿಗೆ ಅದರ ಲಾಗ್, ಎಂದರೆ ಘಟನೆಗಳ ದಾಖಲೆಯೂ ಅಳಿದುಹೋಗುತ್ತದೆ. ಆದುದರಿಂದ ಮೊದಲು ಓದುವುದು, ಆಮೇಲೆ ಬದಲಿಸುವುದು ಎಂಬ ಕ್ರಮವನ್ನು ಪಾಲಿಸಬೇಕು.

ಮೊದಲನೆಯದಾಗಿ ‘ಡಾಕರ್ ಪಿಎಸ್’ ಆಜ್ಞೆಗೆ ‘ಎ’ ಎಂಬ ಆಯ್ಕೆಯನ್ನು ಸೇರಿಸಿ ನಿಂತುಹೋದವನ್ನೂ ಒಳಗೊಂಡಂತೆ ಎಲ್ಲ ಕಂಟೇನರುಗಳ ಸ್ಥಿತಿಯನ್ನು ನೋಡಬೇಕು. ಕಂಟೇನರ್ ನಿಂತಿದೆಯೇ, ಪದೇ ಪದೇ ಮರುಚಾಲನೆಗೊಳ್ಳುತ್ತಿದೆಯೇ, ನಡೆಯುತ್ತಿದ್ದರೂ ಅಸ್ವಸ್ಥವೆಂದು ತೋರಿಸುತ್ತಿದೆಯೇ ಎಂಬುದು ಇದರಿಂದ ತಿಳಿಯುತ್ತದೆ. ಸ್ವಾಸ್ಥ್ಯಪರೀಕ್ಷೆಯಲ್ಲಿ ಅನುತ್ತೀರ್ಣವಾದ ಕಂಟೇನರನ್ನು ಡಾಕರ್ ತಾನಾಗಿಯೇ ಮರುಚಾಲನೆ ಮಾಡುವುದಿಲ್ಲ. ಅದರ ಮರುಚಾಲನಾ ನಿಯಮವು ಕಂಟೇನರ್ ನಿಂತಾಗ ಮಾತ್ರ ಅನ್ವಯವಾಗುತ್ತದೆ. ಪದೇ ಪದೇ ನಿಲ್ಲುವ ಕಂಟೇನರಿನ ವಿಷಯದಲ್ಲಿ ಮರುಚಾಲನೆಗಳ ನಡುವಿನ ಅಂತರ 100 ಮಿಲಿಸೆಕೆಂಡಿನಿಂದ ಆರಂಭವಾಗಿ ಪ್ರತಿ ಸಲವೂ ಇಮ್ಮಡಿಯಾಗುತ್ತ ಗರಿಷ್ಠ 1 ನಿಮಿಷದವರೆಗೆ ಬೆಳೆಯುತ್ತದೆ.

ಎರಡನೆಯದಾಗಿ ‘ಡಾಕರ್ ಲಾಗ್ಸ್’ ಆಜ್ಞೆಯಿಂದ ಲಾಗನ್ನು ಓದಬೇಕು. ಕೊನೆಯ ಸಾಲಿಗಿಂತ ಮೊದಲು ಕಾಣಿಸಿಕೊಂಡ ದೋಷಸೂಚನೆಯೇ ಹೆಚ್ಚಾಗಿ ನಿಜವಾದ ಕಾರಣವನ್ನು ತಿಳಿಸುತ್ತದೆ. ನಂತರದವು ಅದರ ಪರಿಣಾಮಗಳಾಗಿರುತ್ತವೆ. ಓದಿದ ಲಾಗನ್ನು ಬೇರೊಂದು ಕಡತದಲ್ಲಿ ಉಳಿಸಿಕೊಳ್ಳುವುದು ಒಳ್ಳೆಯದು.

ಮೂರನೆಯದಾಗಿ ‘ಡಾಕರ್ ಇನ್‌ಸ್ಪೆಕ್ಟ್’ ಆಜ್ಞೆಯಿಂದ ಕಂಟೇನರಿನ ಪೂರ್ಣ ವಿವರವನ್ನೂ ಅದರ ನಿರ್ಗಮನ ಸಂಖ್ಯೆಯನ್ನೂ ನೋಡಬೇಕು. ಸಾಮಾನ್ಯವಾಗಿ ಕಂಡುಬರುವ ಸಂಖ್ಯೆಗಳು ಹೀಗಿವೆ:

0 – ಪ್ರಕ್ರಿಯೆಯು ದೋಷವಿಲ್ಲದೆ ಮುಗಿದಿದೆ.
1 – ತಂತ್ರಾಂಶವೇ ದೋಷವನ್ನು ವರದಿ ಮಾಡಿ ನಿಂತಿದೆ, ವಿವರ ಲಾಗಿನಲ್ಲಿರುತ್ತದೆ.
125 – ಡಾಕರಿನ ಹಂತದಲ್ಲಿಯೇ ದೋಷ ಉಂಟಾಗಿದೆ.
126 – ಸೂಚಿಸಿದ ಆಜ್ಞೆ ಇದ್ದರೂ ಅದನ್ನು ನಡೆಸಲಾಗಲಿಲ್ಲ.
127 – ಸೂಚಿಸಿದ ಆಜ್ಞೆ ಕಂಟೇನರಿನೊಳಗೆ ಸಿಗಲಿಲ್ಲ.
137 – ಪ್ರಕ್ರಿಯೆಯನ್ನು ಬಲವಂತವಾಗಿ ಕೊನೆಗೊಳಿಸಲಾಗಿದೆ.
139 – ಪ್ರಕ್ರಿಯೆಯು ತನ್ನದಲ್ಲದ ಮೆಮೊರಿಯನ್ನು ಮುಟ್ಟಿ ಕುಸಿದಿದೆ.
143 – ನಿಲ್ಲುವಂತೆ ಬಂದ ಸೂಚನೆಯಿಂದ ಕೊನೆಗೊಂಡಿದೆ.

128ಕ್ಕಿಂತ ಹೆಚ್ಚಿನ ಈ ಸಂಖ್ಯೆಗಳಿಂದ 128ನ್ನು ಕಳೆದರೆ ಉಳಿಯುವುದು ಲಿನಕ್ಸ್ ಸಂಕೇತದ ಸಂಖ್ಯೆ. 137ರಲ್ಲಿ ಉಳಿಯುವ 9 ಬಲವಂತದ ಅಂತ್ಯದ ಸಂಕೇತ. ಮೆಮೊರಿ ಸಾಲದೆ ಕರ್ನೆಲ್ ಪ್ರಕ್ರಿಯೆಯನ್ನು ಕೊಂದಾಗಲೂ, ನಿಲ್ಲಿಸುವ ಆಜ್ಞೆ ಕೊಟ್ಟು 10 ಸೆಕೆಂಡಿನ ರೂಢಿಯ ಅವಧಿ ಮುಗಿದರೂ ಪ್ರಕ್ರಿಯೆ ನಿಲ್ಲದಿದ್ದಾಗಲೂ ಇದೇ ಸಂಖ್ಯೆ ಬರುತ್ತದೆ. ಇವೆರಡರಲ್ಲಿ ಯಾವುದು ಎಂಬುದನ್ನು ಇನ್‌ಸ್ಪೆಕ್ಟ್ ವಿವರದಲ್ಲಿರುವ ‘ಊಮ್‌ಕಿಲ್ಡ್’ ಎಂಬ ನಮೂದಿನಿಂದ ತಿಳಿಯಬಹುದು.

ಸಾಮಾನ್ಯ ದೋಷಗಳು

ಡಿಸ್ಕ್ ತುಂಬುವುದು

ಒಮ್ಮೆಲೇ ಹಲವು ಕಂಟೇನರುಗಳು ಕೆಟ್ಟರೆ ಮೊದಲು ಡಿಸ್ಕಿನಲ್ಲಿ ಉಳಿದಿರುವ ಸ್ಥಳವನ್ನು ‘ಡಿಎಫ್’ ಆಜ್ಞೆಯಿಂದ ನೋಡಬೇಕು. ಡಾಕರಿನ ರೂಢಿಯ ಲಾಗ್ ವ್ಯವಸ್ಥೆಗೆ ಗಾತ್ರದ ಮಿತಿ ಇಲ್ಲ. ದೋಷಸೂಚನೆಯನ್ನೇ ಸೆಕೆಂಡಿಗೊಮ್ಮೆ ಬರೆಯುವ ಒಂದು ಕಂಟೇನರ್ ಕೆಲವು ತಿಂಗಳುಗಳಲ್ಲಿ ಇಡೀ ಡಿಸ್ಕನ್ನು ತುಂಬಬಲ್ಲದು. ಲಾಗಿಗೆ ಗರಿಷ್ಠ ಗಾತ್ರವನ್ನು ಮೊದಲೇ ಗೊತ್ತುಪಡಿಸುವುದು ಇದಕ್ಕೆ ಪರಿಹಾರ. ಹಳೆಯ ಇಮೇಜುಗಳು ಉಳಿದು ಸ್ಥಳ ತುಂಬುವುದೂ ಉಂಟು.

ಅನುಮತಿಯ ದೋಷ

ಲಿನಕ್ಸಿನಲ್ಲಿ ಕಡತದ ಒಡೆತನವು ಹೆಸರಿನಿಂದಲ್ಲ, ಸಂಖ್ಯೆಯಿಂದ ನಿರ್ಧಾರವಾಗುತ್ತದೆ. ಕಂಟೇನರಿನೊಳಗಿನ ಪ್ರಕ್ರಿಯೆ 999ನೆಯ ಬಳಕೆದಾರನಾಗಿ ನಡೆಯುತ್ತಿದ್ದು, ಜೋಡಿಸಿದ ಕಡತಕೋಶ 1000ನೆಯ ಬಳಕೆದಾರನಿಗೆ ಸೇರಿದ್ದರೆ ಬರೆಯಲು ಅನುಮತಿ ಸಿಗದಿರಬಹುದು. ಆಗ ಎಲ್ಲರಿಗೂ ಎಲ್ಲ ಅನುಮತಿಯನ್ನು ಕೊಡುವುದು ಸುಲಭವೆಂದು ಕಂಡರೂ ಅಪಾಯಕಾರಿ. ಒಡೆತನದ ಸಂಖ್ಯೆಯನ್ನು ಸರಿಹೊಂದಿಸುವುದೇ ಯೋಗ್ಯ ಕ್ರಮ.

ಪೋರ್ಟ್ ಮತ್ತು ಜಾಲದ ದೋಷ

ಒಂದೇ ಪೋರ್ಟನ್ನು ಎರಡು ಸೇವೆಗಳು ಕೇಳಿದರೆ ಎರಡನೆಯದು ಆರಂಭವಾಗದು. ಉಬುಂಟು ವ್ಯವಸ್ಥೆಯಲ್ಲಿ 53ನೆಯ ಪೋರ್ಟನ್ನು ಅದರದೇ ಹೆಸರು-ಶೋಧಕ ಸೇವೆಯು ಬಳಸುತ್ತಿರುವುದರಿಂದ ಪೈ-ಹೋಲ್ ಆರಂಭವಾಗದಿರುವುದು ಇದಕ್ಕೆ ಪ್ರಸಿದ್ಧ ಉದಾಹರಣೆ. ಜಾಲಕ್ಕೆ ಸಂಬಂಧಿಸಿದ ಇನ್ನೊಂದು ಗೊಂದಲವೆಂದರೆ ‘ಲೋಕಲ್‌ಹೋಸ್ಟ್’ ಎಂಬ ವಿಳಾಸ. ಕಂಟೇನರಿನೊಳಗೆ ಆ ವಿಳಾಸವು ಆತಿಥೇಯ ಗಣಕವನ್ನಲ್ಲ, ಆ ಕಂಟೇನರನ್ನೇ ಸೂಚಿಸುತ್ತದೆ. ಬಳಕೆದಾರರು ನಿರ್ಮಿಸಿದ ಒಂದೇ ಜಾಲದಲ್ಲಿರುವ ಕಂಟೇನರುಗಳು ಪರಸ್ಪರ ಹೆಸರಿನಿಂದ ಸಂಪರ್ಕಿಸಬಲ್ಲವು; ಐಪಿ ವಿಳಾಸವು ಮರುನಿರ್ಮಾಣದ ನಂತರ ಬದಲಾಗಬಹುದಾದುದರಿಂದ ಅದನ್ನು ನೆಚ್ಚಬಾರದು.

ಹೊರಡಿಸ್ಕ್ ಜೋಡಣೆಯಾಗದಿರುವುದು

ಮನೆಯ ಸರ್ವರುಗಳಲ್ಲಿ ಅತಿಯಾದ ಗಾಬರಿಯನ್ನು ಉಂಟುಮಾಡುವ ದೋಷ ಇದು. ಛಾಯಾಚಿತ್ರಗಳೂ ಡೇಟಾಬೇಸೂ ಹೊರಡಿಸ್ಕಿನಲ್ಲಿವೆ ಎಂದಿಟ್ಟುಕೊಳ್ಳೋಣ. ವಿದ್ಯುತ್ ಹೋಗಿ ಬಂದ ನಂತರ ಡಿಸ್ಕ್ ಜೋಡಣೆಯಾಗುವ ಮೊದಲೇ ಡಾಕರ್ ಆರಂಭವಾದರೆ, ಅದು ಡಿಸ್ಕಿನ ಬದಲು ಅದೇ ಹೆಸರಿನ ಖಾಲಿ ಕಡತಕೋಶವನ್ನು ಕಂಟೇನರಿಗೆ ಜೋಡಿಸುತ್ತದೆ. ಕಡತಕೋಶ ಇಲ್ಲದಿದ್ದರೆ, ಬೈಂಡ್ ಮೌಂಟಿನ ಕಿರುರೂಪದ ಬರಹದಲ್ಲಿ ಡಾಕರ್ ತಾನೇ ಅದನ್ನು ನಿರ್ಮಿಸುತ್ತದೆ. ಖಾಲಿ ಸ್ಥಳವನ್ನು ಕಂಡ ಪೋಸ್ಟ್‌ಗ್ರೆಸ್‌ಕ್ಯೂಎಲ್ ಇಮೇಜು ಹೊಸ ಡೇಟಾಬೇಸನ್ನು ಸೃಷ್ಟಿಸುತ್ತದೆ. ಮನೆಯವರಿಗೆ ಕಾಣುವುದು ಹೊಸದಾಗಿ ಖಾತೆ ತೆರೆಯಿರಿ ಎಂಬ ಪುಟ ಮಾತ್ರ. ಒಂದು ಚಿತ್ರವೂ ಅಲ್ಲಿರುವುದಿಲ್ಲ.

ಈ ಹಂತದಲ್ಲಿ ಹೊಸ ಖಾತೆ ತೆರೆಯಬಾರದು, ಯಾವುದನ್ನೂ ಅಳಿಸಬಾರದು. ನಿಜವಾದ ದತ್ತಾಂಶ ಹೊರಡಿಸ್ಕಿನಲ್ಲಿ ಹಾಗೆಯೇ ಇರುತ್ತದೆ. ಕಂಟೇನರುಗಳನ್ನು ನಿಲ್ಲಿಸಿ, ಖಾಲಿ ಕಡತಕೋಶದಲ್ಲಿ ಹೊಸದಾಗಿ ಬರೆದದ್ದನ್ನು ಬೇರೆಡೆಗೆ ಸರಿಸಿ, ಡಿಸ್ಕನ್ನು ಜೋಡಿಸಿ, ಅದರೊಳಗೆ ಕಡತಗಳು ಕಾಣುತ್ತಿವೆಯೆಂದು ಖಚಿತಪಡಿಸಿಕೊಂಡ ಮೇಲೆ ಮತ್ತೆ ಆರಂಭಿಸಬೇಕು. ಡಿಸ್ಕ್ ಜೋಡಣೆಯಾಗದ ಹೊರತು ಡಾಕರ್ ಆರಂಭವಾಗದಂತೆ ಸಿಸ್ಟಮ್‌ಡಿಯಲ್ಲಿ ನಿಯಮ ಬರೆದರೆ ಈ ದೋಷ ಮರುಕಳಿಸುವುದಿಲ್ಲ. ಇಮ್ಮಿಚ್ ತಂತ್ರಾಂಶವು ತನ್ನ ಕಡತಕೋಶಗಳಲ್ಲಿ ಒಂದು ಗುರುತಿನ ಕಡತವನ್ನು ಇರಿಸಿ, ಆರಂಭದಲ್ಲಿ ಅದು ಸಿಗುತ್ತದೆಯೇ ಎಂದು ಪರೀಕ್ಷಿಸುತ್ತದೆ.

ಆವೃತ್ತಿ ಬದಲಾವಣೆ

ಇಮೇಜಿನ ಹೆಸರಿನ ಮುಂದೆ ‘ಲೇಟೆಸ್ಟ್’ ಎಂಬ ಗುರುತಿದ್ದರೆ ಪ್ರತಿ ನವೀಕರಣದಲ್ಲಿಯೂ ಬೇರೆ ಆವೃತ್ತಿ ಬರಬಹುದು. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ ಒಂದು ಪ್ರಧಾನ ಆವೃತ್ತಿ ಬರೆದ ಕಡತಗಳನ್ನು ಮುಂದಿನ ಪ್ರಧಾನ ಆವೃತ್ತಿ ನೇರವಾಗಿ ಓದಲಾರದು. ಹೊಂದಾಣಿಕೆಯಿಲ್ಲವೆಂದು ತಿಳಿಸಿ ನಿಲ್ಲುತ್ತದೆ. ಇದು ದತ್ತಾಂಶದ ನಾಶವಲ್ಲ. ಹಳೆಯ ಆವೃತ್ತಿಯ ಸಂಖ್ಯೆಯನ್ನು ಕಂಪೋಸ್ ಕಡತದಲ್ಲಿ ಬರೆದು ಆರಂಭಿಸಿದರೆ ಡೇಟಾಬೇಸ್ ಮೊದಲಿನಂತೆ ತೆರೆದುಕೊಳ್ಳುತ್ತದೆ. ಆಮೇಲೆ ‘ಪಿಜಿ ಡಂಪ್’ ಮೂಲಕ ದತ್ತಾಂಶವನ್ನು ಹೊರತೆಗೆದು ಹೊಸ ಆವೃತ್ತಿಗೆ ತುಂಬಬಹುದು. ಆದರೆ ಎಲ್ಲ ತಂತ್ರಾಂಶಗಳೂ ಹೀಗೆ ಹಿಂದಿರುಗಲು ಬಿಡುವುದಿಲ್ಲ. ನವೀಕರಣದ ವೇಳೆ ಡೇಟಾಬೇಸಿನ ರಚನೆಯನ್ನೇ ಬದಲಿಸುವಂಥವೂ ಇವೆ. ಆದುದರಿಂದ ನವೀಕರಣಕ್ಕೆ ಮೊದಲು ಬ್ಯಾಕಪ್ ಇರಲೇಬೇಕು.

ಹಠಾತ್ ವಿದ್ಯುತ್ ನಿಲುಗಡೆ

ವಿದ್ಯುತ್ ಥಟ್ಟನೆ ಹೋದಾಗ ಬರೆಯುತ್ತಿದ್ದ ಕಡತಗಳು ಅರ್ಧಕ್ಕೆ ನಿಲ್ಲುತ್ತವೆ. ಮನೆಯ ಇನ್ವರ್ಟರ್ ಇದ್ದರೂ ಅದು ಬದಲಾಯಿಸಿಕೊಳ್ಳುವ ಕ್ಷಣದ ಅಂತರದಲ್ಲಿ ಗಣಕಯಂತ್ರ ಆರಿಹೋಗಬಹುದು. ಪೋಸ್ಟ್‌ಗ್ರೆಸ್‌ಕ್ಯೂಎಲ್ ಪ್ರತಿಯೊಂದು ಬದಲಾವಣೆಯನ್ನೂ ಮೊದಲು ಒಂದು ದಿನಚರಿಯಲ್ಲಿ ಬರೆದಿಟ್ಟುಕೊಳ್ಳುವುದರಿಂದ, ಮರುಚಾಲನೆಯಾದಾಗ ಅದನ್ನು ಓದಿ ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಈ ಕಾರ್ಯ ನಡೆಯುತ್ತಿರುವಾಗ ಕಂಟೇನರನ್ನು ಮತ್ತೆ ಮತ್ತೆ ನಿಲ್ಲಿಸಬಾರದು. ಸ್ಥಳ ಉಳಿಸಲೆಂದು ಆ ದಿನಚರಿಯ ಕಡತಗಳನ್ನು ಅಳಿಸುವುದಂತೂ ಡೇಟಾಬೇಸನ್ನು ಕೆಡಿಸುವ ಕೆಲಸ.

ಪುನಃಸ್ಥಾಪನೆ

ಕಾರಣ ತಿಳಿದ ಮೇಲೆ ಸರಿಪಡಿಸುವ ಮುನ್ನ ಈಗಿರುವ ಸ್ಥಿತಿಯ ಒಂದು ಪ್ರತಿಯನ್ನು ಬೇರೆ ಡಿಸ್ಕಿಗೆ ತೆಗೆದುಕೊಳ್ಳಬೇಕು. ಕೆಟ್ಟ ದತ್ತಾಂಶದ ಪ್ರತಿಯೂ ಅಮೂಲ್ಯವೇ. ದುರಸ್ತಿಯ ಪ್ರಯತ್ನ ವಿಫಲವಾದರೆ ಮತ್ತೆ ಅಲ್ಲಿಂದಲೇ ಆರಂಭಿಸಬಹುದು. ಡೇಟಾಬೇಸಿನ ಕಡತಗಳನ್ನು ಹೀಗೆ ನಕಲು ಮಾಡುವಾಗ ಅದರ ಕಂಟೇನರನ್ನು ನಿಲ್ಲಿಸಿರಬೇಕು.

ಆರಂಭವಾದ ಕೂಡಲೇ ನಿಲ್ಲುವ ಕಂಟೇನರಿನ ಒಳಹೊಕ್ಕು ನೋಡಲು ಆಗುವುದಿಲ್ಲ. ಅದೇ ಇಮೇಜಿನಿಂದ, ಮೂಲ ತಂತ್ರಾಂಶದ ಬದಲು ಆಜ್ಞಾ ಪರದೆಯನ್ನು ಮಾತ್ರ ತೆರೆಯುವ ತಾತ್ಕಾಲಿಕ ಕಂಟೇನರನ್ನು ಆರಂಭಿಸಿ, ವಾಲ್ಯೂಮನ್ನು ಓದಲು ಮಾತ್ರ ಸಾಧ್ಯವಾಗುವಂತೆ ಜೋಡಿಸಿ ಪರಿಶೀಲಿಸಬಹುದು. ನಿಂತಿರುವ ಕಂಟೇನರಿನ ಬರೆಯಬಹುದಾದ ಪದರದಲ್ಲಿ ಬೇಕಾದ ಕಡತಗಳಿದ್ದರೆ ‘ಡಾಕರ್ ಡಿಫ್’ ಆಜ್ಞೆಯು ಅವುಗಳ ಪಟ್ಟಿಯನ್ನು ಕೊಡುತ್ತದೆ. ‘ಡಾಕರ್ ಸಿಪಿ’ ಆಜ್ಞೆಯಿಂದ ಅವನ್ನು ಹೊರತೆಗೆಯಬಹುದು. ಕಂಪೋಸ್ ಕಡತ ಕಳೆದುಹೋಗಿದ್ದರೂ ಕಂಟೇನರ್ ಉಳಿದಿದ್ದರೆ ಇನ್‌ಸ್ಪೆಕ್ಟ್ ವಿವರದಿಂದ ಅದನ್ನು ಪುನಃ ಬರೆಯಲು ಸಾಧ್ಯ.

ಕಂಟೇನರನ್ನು ಅಳಿಸಿಬಿಟ್ಟಿದ್ದರೂ ಆಶೆ ಬಿಡಬೇಕಾಗಿಲ್ಲ. ಹೆಸರಿಡದ ವಾಲ್ಯೂಮುಗಳಿಗೆ ಡಾಕರ್ 64 ಅಕ್ಷರಗಳ ಉದ್ದನೆಯ ಗುರುತನ್ನು ಕೊಡುತ್ತದೆ. ವಿಶೇಷವಾಗಿ ಸೂಚಿಸದ ಹೊರತು ಕಂಟೇನರನ್ನು ಅಳಿಸಿದಾಗ ಇವು ಅಳಿಯುವುದಿಲ್ಲ. ‘ಡಾಕರ್ ವಾಲ್ಯೂಮ್ ಎಲ್‌ಎಸ್’ ಆಜ್ಞೆಯಿಂದ ಅವುಗಳ ಪಟ್ಟಿ ಪಡೆದು, ಒಂದೊಂದನ್ನೇ ತೆರೆದು ನೋಡಿ ಬೇಕಾದುದನ್ನು ಗುರುತಿಸಬಹುದು.

ಎಚ್ಚರದಿಂದ ಬಳಸಬೇಕಾದ ಆಜ್ಞೆಗಳು

‘ಡಾಕರ್ ಕಂಪೋಸ್ ಡೌನ್’ ಆಜ್ಞೆಯು ಕಂಟೇನರುಗಳನ್ನೂ ಅವುಗಳ ಜಾಲವನ್ನೂ ತೆಗೆಯುತ್ತದೆ, ವಾಲ್ಯೂಮುಗಳನ್ನು ಉಳಿಸುತ್ತದೆ. ಆದರೆ ಅದರ ಮುಂದೆ ‘ವಿ’ ಎಂಬ ಒಂದೇ ಅಕ್ಷರದ ಆಯ್ಕೆಯನ್ನು ಸೇರಿಸಿದರೆ ಆ ಕಡತದಲ್ಲಿ ಹೆಸರಿಸಿದ ವಾಲ್ಯೂಮುಗಳೂ ಅಳಿಯುತ್ತವೆ. ‘ಡಾಕರ್ ಸಿಸ್ಟಮ್ ಪ್ರೂನ್’ ಆಜ್ಞೆಯು ನಿಂತಿರುವ ಎಲ್ಲ ಕಂಟೇನರುಗಳನ್ನೂ ತೆಗೆದುಹಾಕುತ್ತದೆ. ದುರಸ್ತಿಗಾಗಿ ನಿಲ್ಲಿಸಿಟ್ಟ ಕಂಟೇನರ್ ಕೂಡ ಅದರಲ್ಲಿ ಸೇರುತ್ತದೆ. ಡಿಸ್ಕ್ ತುಂಬಿದ ಆತಂಕದಲ್ಲಿ ಈ ಆಜ್ಞೆಗಳನ್ನು ಬಳಸುವುದೇ ಹೆಚ್ಚು. ಅವುಗಳ ಪರಿಣಾಮವನ್ನು ಮೊದಲೇ ತಿಳಿದಿರುವುದು ಅಗತ್ಯ.

ಬ್ಯಾಕಪ್ ಮತ್ತು ಅದರ ಪರೀಕ್ಷೆ

ಛಾಯಾಗ್ರಾಹಕ ಪೀಟರ್ ಕ್ರೋ ಅವರು ಪ್ರಚಾರಕ್ಕೆ ತಂದ 3-2-1 ಸೂತ್ರವು ಮನೆಯ ಸರ್ವರುಗಳಿಗೂ ಒಪ್ಪುತ್ತದೆ. ಅದರಂತೆ ದತ್ತಾಂಶದ 3 ಪ್ರತಿಗಳಿರಬೇಕು, ಅವು 2 ಬಗೆಯ ಮಾಧ್ಯಮಗಳಲ್ಲಿರಬೇಕು, 1 ಪ್ರತಿ ಬೇರೆ ಸ್ಥಳದಲ್ಲಿರಬೇಕು. ಎರಡು ಡಿಸ್ಕುಗಳಲ್ಲಿ ಒಂದೇ ದತ್ತಾಂಶವನ್ನು ಏಕಕಾಲಕ್ಕೆ ಬರೆಯುವ ರೇಡ್ ವ್ಯವಸ್ಥೆ ಬ್ಯಾಕಪ್ ಅಲ್ಲ. ಒಂದರಲ್ಲಿ ಅಳಿಸಿದ್ದು ಇನ್ನೊಂದರಲ್ಲಿಯೂ ಆ ಕ್ಷಣವೇ ಅಳಿಯುತ್ತದೆ.

ಚಾಲನೆಯಲ್ಲಿರುವ ಡೇಟಾಬೇಸಿನ ಕಡತಗಳನ್ನು ಸುಮ್ಮನೆ ನಕಲು ಮಾಡಿದರೆ ಆ ಪ್ರತಿ ಸುಸಂಗತವಾಗಿರುವುದಿಲ್ಲ. ಪಿಜಿ ಡಂಪ್‌ನಂತಹ ಸಾಧನದಿಂದ ಹೊರತೆಗೆದ ಪ್ರತಿಯೇ ವಿಶ್ವಾಸಾರ್ಹ. ಛಾಯಾಚಿತ್ರಗಳ ವಿಷಯದಲ್ಲಿ ಚಿತ್ರಗಳ ಕಡತಕೋಶ ಮತ್ತು ಡೇಟಾಬೇಸ್ ಎರಡೂ ಬೇಕು. ಚಿತ್ರಗಳಷ್ಟೇ ಉಳಿದರೆ ಆಲ್ಬಮ್‌ಗಳೂ ವ್ಯಕ್ತಿಗಳ ಹೆಸರುಗಳೂ ಹೋಗುತ್ತವೆ. ಡೇಟಾಬೇಸಷ್ಟೇ ಉಳಿದರೆ ಹೆಸರುಗಳಿದ್ದು ಚಿತ್ರಗಳಿರುವುದಿಲ್ಲ.

ಬ್ಯಾಕಪ್ ನಡೆಯುತ್ತಿದೆ ಎಂಬ ನಂಬಿಕೆಯಷ್ಟೇ ಸಾಲದು ಎಂಬುದಕ್ಕೆ 2017ರ ಜನವರಿ 31ರ ಗಿಟ್‌ಲ್ಯಾಬ್ ಪ್ರಕರಣ ನಿದರ್ಶನ. ಅದು ಕಂಟೇನರುಗಳಿಗೆ ಸಂಬಂಧಿಸಿದ್ದಲ್ಲವಾದರೂ ಅದರ ಪಾಠ ಇಲ್ಲಿಗೂ ಅನ್ವಯಿಸುತ್ತದೆ. ರಾತ್ರಿ ದುರಸ್ತಿಯಲ್ಲಿ ತೊಡಗಿದ್ದ ತಂತ್ರಜ್ಞರೊಬ್ಬರು ಎರಡನೆಯ ಸರ್ವರಿನದೆಂದು ಭಾವಿಸಿ ಮುಖ್ಯ ಸರ್ವರಿನ ಡೇಟಾಬೇಸ್ ಕಡತಕೋಶವನ್ನು ಅಳಿಸಿದರು. ಕೆಲವೇ ಕ್ಷಣಗಳಲ್ಲಿ ತಡೆದರೂ ಸುಮಾರು 300 ಗಿಗಾಬೈಟ್‌ಗಳಲ್ಲಿ 4.5 ಗಿಗಾಬೈಟ್ ಮಾತ್ರ ಉಳಿಯಿತು. ಡೇಟಾಬೇಸ್ 9.6ನೆಯ ಆವೃತ್ತಿಯದಾಗಿದ್ದು ಬ್ಯಾಕಪ್ ಸಾಧನ 9.2ನೆಯ ಆವೃತ್ತಿಯದಾಗಿದ್ದುದರಿಂದ ನಿತ್ಯದ ಬ್ಯಾಕಪ್ ವಿಫಲವಾಗುತ್ತಿತ್ತು. ವೈಫಲ್ಯವನ್ನು ತಿಳಿಸುವ ಮಿಂಚಂಚೆಗಳೂ ತಿರಸ್ಕೃತವಾಗುತ್ತಿದ್ದುದರಿಂದ ಅದು ಯಾರ ಗಮನಕ್ಕೂ ಬಂದಿರಲಿಲ್ಲ. ಬೇರೆ ಉದ್ದೇಶಕ್ಕಾಗಿ ಸುಮಾರು 6 ಗಂಟೆ ಮೊದಲು ತೆಗೆದಿದ್ದ ಒಂದು ಪ್ರತಿಯಿಂದ ಸೇವೆಯನ್ನು ಪುನಃಸ್ಥಾಪಿಸಲಾಯಿತು. ಆ 6 ಗಂಟೆಗಳ ಡೇಟಾಬೇಸ್ ಬದಲಾವಣೆಗಳು ಶಾಶ್ವತವಾಗಿ ಹೋದವು.

ಆದುದರಿಂದ ಬ್ಯಾಕಪ್‌ನಿಂದ ಪುನಃಸ್ಥಾಪಿಸುವುದನ್ನು ಆಗಾಗ ಅಭ್ಯಾಸ ಮಾಡಬೇಕು. ಬೇರೊಂದು ಗಣಕದಲ್ಲಿ, ಅಥವಾ ಅದೇ ಗಣಕದಲ್ಲಿ ಬೇರೆ ಹೆಸರು ಮತ್ತು ಬೇರೆ ಪೋರ್ಟ್ ಕೊಟ್ಟು, ಬ್ಯಾಕಪ್‌ನಿಂದಲೇ ಕಂಟೇನರುಗಳನ್ನು ನಿರ್ಮಿಸಿ ಒಂದೆರಡು ಹಳೆಯ ಚಿತ್ರಗಳನ್ನು ತೆರೆದು ನೋಡಿದರೆ ಪರೀಕ್ಷೆ ಪೂರ್ಣವಾಗುತ್ತದೆ.

ಮನೆಯವರಿಗಾಗಿ ದಾಖಲೆ

ರೆಸ್ಟಿಕ್, ಬೋರ್ಗ್‌ಬ್ಯಾಕಪ್ ಮೊದಲಾದ ಸಾಧನಗಳು ಬ್ಯಾಕಪ್ಪನ್ನು ಗೂಢಲಿಪೀಕರಿಸಬಲ್ಲವು. ಹಾಗೆ ಮಾಡಿದ ಪ್ರತಿಯ ಗುಪ್ತಪದ ಕಳೆದುಹೋದರೆ ಅದನ್ನು ತೆರೆಯಲು ಬೇರೆ ದಾರಿಯಿಲ್ಲ. ಆ ಗುಪ್ತಪದವನ್ನು ಸರ್ವರಿನಲ್ಲಿ ಮಾತ್ರ ಇರಿಸಿದ್ದರೆ, ಸರ್ವರ್ ಕೆಟ್ಟ ದಿನ ಬ್ಯಾಕಪ್ಪೂ ನಿರುಪಯುಕ್ತವಾಗುತ್ತದೆ. ಕಂಪೋಸ್ ಕಡತದ ಒಂದು ಪ್ರತಿ, ಗುಪ್ತಪದ, ಬ್ಯಾಕಪ್ ಇರುವ ಸ್ಥಳ ಮತ್ತು ಪುನಃಸ್ಥಾಪನೆಯ ಹಂತಗಳನ್ನು ಕಾಗದದ ಮೇಲೆ ಬರೆದು ಮನೆಯ ಇತರ ಮುಖ್ಯ ದಾಖಲೆಪತ್ರಗಳೊಡನೆ ಇರಿಸುವುದು ಉಪಯುಕ್ತ. ಸರ್ವರನ್ನು ನೋಡಿಕೊಳ್ಳುವವರು ಊರಿನಲ್ಲಿಲ್ಲದಿದ್ದರೂ, ಕಾಯಿಲೆ ಬಿದ್ದರೂ, ಕಾಲವಾದರೂ ಮನೆಯ ಉಳಿದವರು ತಿಳಿದವರೊಬ್ಬರ ನೆರವಿನಿಂದ ತಮ್ಮ ಚಿತ್ರಗಳನ್ನೂ ದಾಖಲೆಗಳನ್ನೂ ಮರಳಿ ಪಡೆಯಲು ಆ ಹಾಳೆ ಸಾಕಾಗುತ್ತದೆ.